ಅರಿವು, ಎಚ್ಚರ, ಮನಸ್ಸಾಕ್ಷಿ: ಕಡೂರು ಸೀಮೆಯ ಒಂದು ಶಬ್ದಚರಿತ್ರೆ

ಬಾಬಾಬುಡನ್ ಗಿರಿಶ್ರೇಣಿಯನ್ನು ಪಶ್ಚಿಮಕ್ಕೂ ಹೊಸದುರ್ಗದ ಕಡೆಯ ಬಯಲನ್ನು ಪೂರ್ವಕ್ಕೂ ಇರಿಸಿಕೊಂಡು, ಮಲೆನಾಡಿನ ಅಡಕೆಯ ತೋಟವೂ ಬಯಲುಸೀಮೆಯ ರಾಗಿಯ ಹೊಲವೂ ಒಂದನ್ನೊಂದು ಸಂಧಿಸುವ ಎಡೆಯಲ್ಲಿ ನೆಲೆಸಿರುವ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಮಹಾರಾಜ್ಯವೊಂದರ ರಾಜಧಾನಿಯೆಂಬ ಕೀರ್ತಿಯನ್ನು ಪಡೆದುದಲ್ಲವಾದರೂ, ಕನ್ನಡ ಶಬ್ದಗಳ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಒಂದು ಸ್ಥಾನವುಂಟು. ಮನುಷ್ಯನು ತನ್ನನ್ನೂ ತನ್ನ ಕೃತ್ಯಗಳನ್ನೂ ತಾನೇ ಅರಿಯುವ ಬಗೆಯನ್ನು ಹೇಳುವ ಶಬ್ದಗಳು ಪ್ರತಿಯೊಂದು ಭಾಷೆಯಲ್ಲಿಯೂ ಬಹುಕಾಲದ ಸಂಸ್ಕಾರದಿಂದ ರೂಪುಗೊಳ್ಳತಕ್ಕವು. ಇಂಗ್ಲಿಷಿನ ಕಾನ್ಷಿಯಸ್, ಕಾನ್ಷೆನ್ಸ್, ಅವೇರ್ ಎಂಬ ಶಬ್ದಗಳು ಕಳೆದ ಶತಮಾನದ ಶಾಲೆಗಳ ಮೂಲಕ ಈ ಸೀಮೆಯ ಬಾಲಕರ ನಾಲಗೆಗೆ ಬಂದಾಗ, ಅವನ್ನು ಎದುರುಗೊಳ್ಳಲು ಇಲ್ಲಿ ಯಾವ ಶಬ್ದಗಳು ಸಿದ್ಧವಾಗಿದ್ದವು, ಯಾವುವು ಸ್ಥಾನ ಬಿಟ್ಟುಕೊಟ್ಟವು, ಯಾವುವು ಹೊಸ ಅರ್ಥವನ್ನು ಹೊತ್ತುಕೊಂಡವು ಎಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

ಈ ಸೀಮೆಗೆ ಇಂಗ್ಲಿಷರ ಆಡಳಿತವು ಶಾಂತಿಯ ದಾರಿಯಲ್ಲಿ ಬಂದುದಲ್ಲ. 1830ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರ ವಂಶದ ಸರ್ಜಾ ಹನುಮಪ್ಪನಾಯಕನೂ ಕೂಡಿಕೊಂಡನು. ಆ ದಂಗೆಯೇ ನೆಪವಾಗಿ 1831ರಲ್ಲಿ ಮೈಸೂರಿನ ಆಡಳಿತವು ಕಮಿಷನರರ ಕೈಸೇರಿತು. 1881ರಲ್ಲಿ ಅದು ಅರಸರಿಗೆ ಹಿಂದಿರುಗುವ ವೇಳೆಗೆ ಕಚೇರಿ, ಕೋರ್ಟು, ಶಾಲೆಗಳೆಂಬ ಮೂರು ಸಂಸ್ಥೆಗಳು ನೆಲೆಯೂರಿದ್ದವು. 1863ರಲ್ಲಿ ರಚಿತವಾದ ಕಡೂರು ಜಿಲ್ಲೆಯ ಕೇಂದ್ರಸ್ಥಾನವು 1865ರಲ್ಲಿಯೇ ಚಿಕ್ಕಮಗಳೂರಿಗೆ ವರ್ಗವಾದರೂ ಹೆಸರು ಮಾತ್ರ 1947ರವರೆಗೆ ಕಡೂರಿನದೇ ಆಗಿ ಉಳಿಯಿತು.

ಶಾಲೆಗೆ ಮುಂಚಿತವಾಗಿ ಕೋರ್ಟು ತನ್ನ ಶಬ್ದವೊಂದನ್ನು ಹಳ್ಳಿಗೆ ಕಳುಹಿಸಿದ್ದಿತು. ಅರಿವಿಗೆ ಸಂಬಂಧಿಸಿದ ಇಂಗ್ಲಿಷ್ ಶಬ್ದಗಳಲ್ಲಿ ಈ ಸೀಮೆಯ ರೈತನು ಮೊದಲು ಕಲಿತದ್ದು ಬಹುಶಃ ‘ನೋಟೀಸು’ ಎಂಬುದೇ ಇರಬೇಕು. ಜವಾನನು ಬಾಗಿಲಿಗೆ ತಂದು ಅಂಟಿಸಿ ಹೋಗುತ್ತಿದ್ದ ಆ ಕಾಗದದ ಹೆಸರು ‘ತಿಳಿ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದುದು. ಆ ಧಾತುವೂ ಸಂಸ್ಕೃತದ ‘ಜ್ಞಾ’ ಧಾತುವೂ ಒಂದೇ ಪ್ರಾಚೀನ ಮೂಲದ ಕವಲುಗಳಾದುದರಿಂದ, ಕೋರ್ಟಿನ ನೋಟೀಸಿಗೂ ವೇದಾಂತದ ಪ್ರಜ್ಞೆಗೂ ರಕ್ತಸಂಬಂಧವುಂಟೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ನೋಟೀಸಿಗೆ ಎದುರಾಗಿ ರೈತನು ಕಚೇರಿಗೆ ಒಯ್ಯುತ್ತಿದ್ದುದು ‘ಅರಿಕೆ’. ಅಮಲ್ದಾರರ ಮುಂದೆ ಶಾನುಭೋಗನ ಕೈಯಿಂದ ಬರೆಯಿಸಿ ಇಡುತ್ತಿದ್ದ ಆ ಕಾಗದದ ಹೆಸರಿನಲ್ಲಿ ಕೂಡ ಅರಿವೇ ಅಡಗಿದೆ: ಅರಿಯದವರಿಗೆ ಅರಿಯುವಂತೆ ಮಾಡುವುದೇ ಅರಿಕೆ. ಮೇಲಿನಿಂದ ಕೆಳಗಿಳಿಯುವ ತಿಳಿವಳಿಕೆಗೆ ನೋಟೀಸೆಂದೂ ಕೆಳಗಿನಿಂದ ಮೇಲಕ್ಕೇರುವ ತಿಳಿವಳಿಕೆಗೆ ಅರಿಕೆಯೆಂದೂ ಜನರು ಮಾಡಿಕೊಂಡ ಈ ವಿಭಾಗವು ಯಾವ ನಿಘಂಟುಕಾರನ ನೆರವನ್ನೂ ಬಯಸಲಿಲ್ಲ.

ಎರಡನೆಯ ಶಬ್ದವು ರೈಲಿನೊಡನೆ ಬಂದಿತು. ಗುಬ್ಬಿಯಿಂದ ಹರಿಹರದವರೆಗಿನ ರೈಲುಮಾರ್ಗವು 1889ರಲ್ಲಿ ತೆರೆದಾಗ ಕಡೂರು, ಬೀರೂರು, ಅಜ್ಜಂಪುರಗಳು ಒಂದೇ ಹಳಿಯ ಮೇಲಿನ ಊರುಗಳಾದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹೊರಟ ಶಾಖೆಯು ತರೀಕೆರೆಯನ್ನೂ ಸೇರಿಸಿಕೊಂಡಿತು. ಹಸಿರು ಬಾವುಟ ಹಿಡಿದು ಕೊನೆಯ ಬಂಡಿಯಲ್ಲಿ ನಿಲ್ಲುವ ‘ಗಾರ್ಡ’ನನ್ನು ಹಳ್ಳಿಯ ಮಕ್ಕಳೆಲ್ಲರೂ ಬಲ್ಲವರಾದರು. ಗಾರ್ಡ್, ವಾರ್ಡ್, ವಾರ್ನಿಂಗ್, ಅವೇರ್ ಎಂಬಿವು ಜರ್ಮನ್ ಕುಲದ ಒಂದೇ ಮನೆತನದ ಶಬ್ದಗಳು. ಕಣ್ಣಿಟ್ಟು ನೋಡುವುದು, ಕಾಯುವುದು ಎಂಬುದು ಅವುಗಳ ಮೂಲಾರ್ಥ. ಲ್ಯಾಟಿನಿನಿಂದ ಬಂದ ಕಾನ್ಷಿಯಸ್ ಎಂಬುದು ಪಂಡಿತರ ಶಬ್ದ. ಅವೇರ್ ಎಂಬುದು ಇಂಗ್ಲಿಷಿನ ದೇಶ್ಯ ಶಬ್ದ, ಕುರಿ ಕಾಯುವವನಿಗೂ ಕೋಟೆ ಕಾಯುವವನಿಗೂ ಸಮಾನವಾಗಿ ಸಲ್ಲುವಂಥದು.

ಕಾಯುವುದೇ ಅರಿವಿನ ಮೊದಲ ರೂಪವೆಂಬುದನ್ನು ಈ ಸೀಮೆಯವರು ಇಂಗ್ಲಿಷಿನಿಂದ ಕಲಿಯಬೇಕಾಗಿರಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತ ಹುಲ್ಲುಗಾವಲುಗಳಿಗೆ ‘ಕಾವಲು’ ಎಂದೇ ಹೆಸರು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೊಸ ಹೆಸರನ್ನು ಪಡೆದ ಅರಮನೆಯ ಗೋಸಂಪತ್ತಿಗೆ ಮೀಸಲಾದ ಈ ಭೂಮಿಗಳಲ್ಲಿ, ಬೂದುಬಣ್ಣದ, ನೀಳವಾಗಿ ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾದ ಕೊಂಬುಗಳ, ಅಪರಿಚಿತನ ಹೆಜ್ಜೆಯ ಸಪ್ಪಳವನ್ನು ದೂರದಿಂದಲೇ ಗ್ರಹಿಸಿ ತಲೆಯೆತ್ತಿ ನಿಲ್ಲುವ ಆ ದನಗಳ ಹಿಂಡನ್ನು ಸೇರ್ವೆಗಾರರು ತಲೆಮಾರುಗಳಿಂದ ಕಾದುಕೊಂಡು ಬಂದರು. 1929ರಲ್ಲಿ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವು ಸ್ಥಾಪಿತವಾಯಿತು. ಭೂಮಿಯೊಂದಕ್ಕೆ ಅದರಲ್ಲಿ ಬೆಳೆಯುವ ಹುಲ್ಲಿನ ಹೆಸರನ್ನಾಗಲಿ ಮೇಯುವ ಪಶುವಿನ ಹೆಸರನ್ನಾಗಲಿ ಇಡದೆ, ಕಾಯುವವನ ಎಚ್ಚರದ ಹೆಸರನ್ನೇ ಇಟ್ಟ ಜನರ ಮನೋಧರ್ಮವು ಗಮನಾರ್ಹವಾದುದು. ಅದೇ ಜನರ ಬಾಯಲ್ಲಿ ಪಾರಸಿಯ ‘ಹೋಶ್’, ಎಂದರೆ ಚೇತನವುಳ್ಳ ಸ್ಥಿತಿ, ಎಂಬುದರಿಂದ ಬಂದ ‘ಹುಷಾರು’ ಇಂದಿಗೂ ಎರಡು ಕೆಲಸ ಮಾಡುತ್ತಿದೆ: ‘ಹುಷಾರಾಗಿ ಹೋಗಿ ಬಾ’ ಎಂದರೆ ಎಚ್ಚರದಿಂದಿರು ಎಂದೂ, ‘ಮೈ ಹುಷಾರಿಲ್ಲ’ ಎಂದರೆ ಅಸ್ವಸ್ಥನಾಗಿದ್ದೇನೆ ಎಂದೂ ಅರ್ಥ. ಆರೋಗ್ಯವನ್ನು ಎಚ್ಚರದೊಡನೆ ಏಕೀಭವಿಸಿದ ಈ ಪ್ರಯೋಗಕ್ಕೆ ಸಮನಾದುದು ಇಂಗ್ಲಿಷಿನಲ್ಲಿ ನನಗೆ ಕಾಣಬಂದಿಲ್ಲ.

ಇನ್ನು ಈ ಸೀಮೆಯ ಪ್ರಾಚೀನತರವಾದ ಸಂಪತ್ತಿಗೆ ಬರೋಣ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯದ ಶಿಲ್ಪವೈಭವವನ್ನು ನೋಡಲು ಬರುವವರಲ್ಲಿ ಬಹುಮಂದಿ ಅಲ್ಲಿಯ ದೊಡ್ಡ ಶಾಸನಶಿಲೆಯನ್ನು ಒಂದು ಕ್ಷಣ ದೃಷ್ಟಿಸಿ ಮುಂದಕ್ಕೆ ನಡೆಯುತ್ತಾರೆ. ಅದನ್ನು ರಚಿಸಿದವನು ಮುಂದೆ ‘ಯಶೋಧರ ಚರಿತೆ’ಯನ್ನು ಬರೆದು ಕವಿಚಕ್ರವರ್ತಿಯೆನಿಸಿದ ಜನ್ನನೆಂಬುದು ತಿಳಿದರೆ ಕಾಲುಗಳು ತಾವಾಗಿಯೇ ನಿಲ್ಲುವುವು. ಇದಕ್ಕೆ ಸೇರಿದಂತೆ ಇನ್ನೊಂದು ಸಂಗತಿಯುಂಟು: ಕನ್ನಡ ವ್ಯಾಕರಣಕ್ಕೆ ‘ಶಬ್ದಮಣಿದರ್ಪಣ’ವನ್ನು ಕೊಟ್ಟ ಕೇಶಿರಾಜನು ಈ ಜನ್ನನ ಸೋದರಳಿಯ. ಮಾವನ ಬರಹವು ತರೀಕೆರೆಯ ಕಲ್ಲಿನಲ್ಲಿ ನಿಂತಿತು. ಅಳಿಯನ ಸೂತ್ರಗಳು ಕನ್ನಡಿಗರ ಕಾಗುಣಿತಕ್ಕೆ ಪ್ರಮಾಣವಾದವು.

ಕಾಗುಣಿತವೆಂದ ಮೇಲೆ ಅರಿವಿನ ಕಾಗುಣಿತವನ್ನೇ ಎತ್ತಿಕೊಳ್ಳಬಹುದು. ಹಳಗನ್ನಡದಲ್ಲಿ ‘ತಿಳಿ’ ಎಂಬರ್ಥದ ಧಾತುವನ್ನು ‘ಅಱಿ’ ಎಂದು ಶಕಟರೇಫದಿಂದಲೂ, ‘ಕತ್ತರಿಸು’ ಎಂಬರ್ಥದ್ದನ್ನು ‘ಅರಿ’ ಎಂದು ಸಾಮಾನ್ಯ ರೇಫದಿಂದಲೂ ಬರೆಯುತ್ತಿದ್ದರು. ಕಿವಿಗೂ ಕಣ್ಣಿಗೂ ಅವು ಬೇರೆ ಬೇರೆಯಾಗಿದ್ದವು. ಕಾಲಕ್ರಮದಲ್ಲಿ ಉಚ್ಚಾರಣೆ ಒಂದಾಗಿ, ತರುವಾಯ ಬರಹದಿಂದಲೂ ಆ ಅಕ್ಷರವು ಜಾರಿಹೋಗಿ, ಇಂದು ಕುಡುಗೋಲಿನಿಂದ ಅರಿಯುವುದಕ್ಕೂ ಮನಸ್ಸಿನಿಂದ ಅರಿಯುವುದಕ್ಕೂ ಬರಹದಲ್ಲಿ ಭೇದವಿಲ್ಲದಾಗಿದೆ. ಕಾನ್ಷೆನ್ಸ್ ಎಂಬುದರ ಉತ್ತರಾರ್ಧವಾದ, ತಿಳಿಯುವುದೆಂಬರ್ಥದ ಲ್ಯಾಟಿನ್ ಶಬ್ದವು ಮೊದಲಲ್ಲಿ ‘ಸೀಳಿ ಬೇರ್ಪಡಿಸು’ ಎಂಬುದರಿಂದಲೇ ಬಂದಿರಬೇಕೆಂದು ಯೂರೋಪಿನ ಭಾಷಾಶಾಸ್ತ್ರಜ್ಞರು ಊಹಿಸುವರು. ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದೇ ಜ್ಞಾನವೆಂಬ ಭಾವನೆಯಿಂದ ಅಲ್ಲಿ ಎರಡು ಅರ್ಥಗಳು ಕೂಡಿದವು. ಇಲ್ಲಿ ಅಕ್ಷರವೊಂದರ ಮರಣದಿಂದ ಎರಡು ಧಾತುಗಳು ಕೂಡಿಕೊಂಡವು. ಸಾಮ್ಯವು ಆಕಸ್ಮಿಕವೆಂಬುದರಲ್ಲಿ ಸಂದೇಹವಿಲ್ಲವಾದರೂ ಮನೋಹರವಾಗಿದೆ.

ಇಂಗ್ಲಿಷಿನವರು ಮಾತ್ರ ಇಂಥ ಸಂದರ್ಭದಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು: ಉಚ್ಚಾರಣೆಯಲ್ಲಿ ಸತ್ತ ಅಕ್ಷರವನ್ನು ಬರಹದಲ್ಲಿ ಸಾಯಗೊಡಲಿಲ್ಲ. ಕಾನ್ಷಿಯಸ್ ಎಂದು ಬಾಯಿ ಹೇಳುವಲ್ಲಿ ಕೈಯು ಎಸ್ ಬರೆದು, ಅದರ ಬೆನ್ನಿಗೆ ಸಿ ಬರೆದು, ಐ ಬರೆದು, ಆಮೇಲೆ ಓ, ಯು, ಎಸ್‌ಗಳನ್ನು ಸೇರಿಸಬೇಕು. ಕಾನ್ಷೆನ್ಸ್ ಎಂಬುದರ ಕೊನೆಯ ಏಳಕ್ಷರಗಳನ್ನು ಪ್ರತ್ಯೇಕಿಸಿದರೆ ಸೈನ್ಸ್ ಎಂಬ ಶಬ್ದವು ಅವಿಕಲವಾಗಿ ದೊರೆಯುವುದು. ಉಚ್ಚಾರಣೆಯಲ್ಲಿ ಅದರ ಸುಳಿವೇ ಇಲ್ಲ. ಅದರ ವಿಶೇಷಣರೂಪವಾದ ಕಾನ್ಷಿಯೆನ್ಷಸ್ ಎಂಬಲ್ಲಿಗೆ ಬಂದರೆ, ನಾಮಪದದಲ್ಲಿ ಸಿ ಇದ್ದೆಡೆಗೆ ಟಿ ಬಂದು ಕುಳಿತಿರುತ್ತದೆ.

ಈ ಕಾಗುಣಿತವನ್ನು ಹಳ್ಳಿಯ ಹುಡುಗರು ಎದುರುಗೊಂಡುದು ಹೊಸ ಶಾಲೆಗಳಲ್ಲಿ. ಬೆಂಜಮಿನ್ ಲೂಯಿಸ್ ರೈಸ್ ಅವರು ವಿದ್ಯಾಭ್ಯಾಸದ ಇಲಾಖೆಯ ಮುಖ್ಯಾಧಿಕಾರಿಗಳಾಗಿ 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟರು. ಈ ಜಿಲ್ಲೆಯ ಶಾಸನಗಳನ್ನು ಓದಿಸಿ 1901ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ ಪ್ರಕಟಿಸಿದವರೂ ಅವರೇ, ಜನ್ನನ ಬರಹವನ್ನು ಕಲ್ಲಿನಿಂದ ಕಾಗದಕ್ಕೆ ತಂದ ಕೈಯೇ ಹಳ್ಳಿಯ ಹುಡುಗರ ಕೈಗೆ ಹಲಗೆ ಬಳಪಗಳನ್ನೂ ಕೊಟ್ಟಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಈ ಹೋಬಳಿ ಶಾಲೆಗಳಿಗೆ ಮುಂಚೆ ಇದ್ದವು ಕೂಲಿಮಠಗಳು. ಐಗಳ ಮುಂದೆ ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಿ, ಅಮರಕೋಶವನ್ನು ಬಾಯಿಪಾಠ ಮಾಡಿ, ಜೈಮಿನಿ ಭಾರತದ ಪದ್ಯಗಳನ್ನು ರಾಗವಾಗಿ ಓದಲು ಬಂದರೆ ವಿದ್ಯೆ ಸಾಕಷ್ಟು ಆಯಿತೆಂದು ಎಣಿಕೆ. ಹೊಸ ಶಾಲೆಗಳ ಮೇಲಿನ ತರಗತಿಗಳಿಗೆ ಇಂಗ್ಲಿಷು ಬಂದಾಗ ಬಾಯಿಪಾಠದ ಅಭ್ಯಾಸವು ಬದಲಾಗಲಿಲ್ಲ, ಅದರ ವಸ್ತು ಮಾತ್ರ ಬದಲಾಯಿತು. ಉಕ್ತಲೇಖನಕ್ಕೆ ಮುಂಚೆ ಹುಡುಗರೆಲ್ಲರೂ ಎದ್ದು ನಿಂತು ಅಕ್ಷರಗಳ ಹೆಸರುಗಳನ್ನೇ ಲಯಬದ್ಧವಾಗಿ ಕೂಗುವರು: ಸಿ–ಓ–ಎನ್, ಎಸ್–ಸಿ–ಐ, ಓ–ಯು–ಎಸ್. ಮೂರಕ್ಷರಕ್ಕೊಮ್ಮೆ ಉಸಿರು, ಷಟ್ಪದಿಯ ಗಣವಿಭಾಗದಂತೆ. ಕೂಗು ಮುಗಿದ ಮೇಲೆ ಅರ್ಥ: ‘ಪ್ರಜ್ಞೆಯುಳ್ಳ’. ಆ ಅರ್ಥದ ಅರ್ಥವನ್ನು ಕೇಳುವ ಪದ್ಧತಿಯಿರಲಿಲ್ಲ. ಅನಂತರ ನೆಸ್‌ಫೀಲ್ಡನ ವ್ಯಾಕರಣ, 1930ರ ದಶಕದಿಂದೀಚೆಗೆ ರೆನ್ ಮತ್ತು ಮಾರ್ಟಿನರ ವ್ಯಾಕರಣ, ಅವುಗಳ ಪ್ರಕಾರ ಪದಾನ್ವಯ.

ವ್ಯಾಕರಣದ ಪಾಠದಲ್ಲಿಯೇ ಈ ಶಬ್ದಗಳ ನಿಜವಾದ ಕ್ಲೇಶವು ಪ್ರಕಟವಾಗುತ್ತಿದ್ದಿತು. ಇಂಗ್ಲಿಷಿನಲ್ಲಿ ‘ನಾನು’ ಎಂಬುದು ಕರ್ತೃ. ಅವೇರ್ ಎಂಬುದು ಆ ಕರ್ತೃವಿನ ಗುಣ, ಅದೂ ಕ್ರಿಯಾಪದದ ಬಳಿಕ ನಿಲ್ಲುವ ಗುಣ. ನಾಮಪದದ ಮುಂದೆ ಅದನ್ನು ನೇರವಾಗಿ ಇರಿಸುವುದು ಸಾಮಾನ್ಯ ಪ್ರಯೋಗವಲ್ಲ. ಅದರ ತರುವಾಯ ‘ಆಫ್’ ಎಂಬ ಉಪಸರ್ಗವು ಬರಬೇಕು, ಇಲ್ಲವೇ ಪೂರ್ಣ ಉಪವಾಕ್ಯವು ಬರಬೇಕು. ಕಾನ್ಷಿಯಸ್ ಎಂಬುದಕ್ಕೆ ಎರಡೂ ಸ್ಥಾನಗಳು ಸಲ್ಲುತ್ತವೆ. ಕನ್ನಡದ ಹುಡುಗನ ಮನಸ್ಸಿನಲ್ಲಿ ಚತುರ್ಥೀ ವಿಭಕ್ತಿ ಕುಳಿತಿದೆ: ನನಗೆ ಗೊತ್ತು, ನನಗೆ ಎಚ್ಚರವಾಯಿತು, ನನಗೆ ಅರಿವಾಯಿತು. ಇಲ್ಲಿ ನಾನು ಕರ್ತೃವಲ್ಲ. ಅರಿವು ಕರ್ತೃ, ನಾನು ಅದನ್ನು ಪಡೆಯತಕ್ಕವನು. ನಿದ್ರೆ ನನಗೆ ಬರುತ್ತದೆ, ಹಸಿವು ನನಗಾಗುತ್ತದೆ, ಅರಿವೂ ಹಾಗೆಯೇ ನನಗೆ ಆಗುತ್ತದೆ. ಪ್ರಯತ್ನಪೂರ್ವಕವಾಗಿ ಸಾಧಿಸಿದ ತಿಳಿವಳಿಕೆಯನ್ನು ಹೇಳಬೇಕಾದಾಗ ಮಾತ್ರ ನಾವು ‘ನಾನು ಅರಿತೆನು’ ಎಂದು ಪ್ರಥಮಾ ವಿಭಕ್ತಿಗೆ ಏರುತ್ತೇವೆ. ತಾನಾಗಿ ಒದಗಿದ ಅರಿವಿಗೂ ತಾನು ದುಡಿದು ಪಡೆದ ಅರಿವಿಗೂ ವಿಭಕ್ತಿಯಿಂದಲೇ ಭೇದ ತೋರಿಸಬಲ್ಲ ಈ ಸೌಕರ್ಯವನ್ನು ಪದಾನ್ವಯದ ತಃಖ್ತೆಯಲ್ಲಿ ತುಂಬಲು ಅವಕಾಶವಿರಲಿಲ್ಲ. ಹುಡುಗನು ಕನ್ನಡದ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವಾಗ ಚತುರ್ಥಿಯನ್ನು ಉಳಿಸಿಕೊಂಡರೆ ಅದು ತಪ್ಪೆನಿಸಿಕೊಂಡು ಕೆಂಪು ಮಸಿಯ ಗೆರೆಗೆ ಗುರಿಯಾಗುತ್ತಿದ್ದಿತು. ಗೆರೆ ಎಳೆದುದು ನ್ಯಾಯವೇ. ಆದರೆ ಆ ತಪ್ಪಿನ ಹಿಂದೆ ಒಂದು ಭಾಷೆಯ ಪೂರ್ಣ ಮನಶ್ಶಾಸ್ತ್ರವಿದ್ದಿತೆಂದು ಹೇಳುವವರಿದ್ದಿದ್ದರೆ ಆ ಹುಡುಗನು ಎರಡು ಭಾಷೆಗಳನ್ನೂ ಏಕಕಾಲಕ್ಕೆ ಕಲಿಯುತ್ತಿದ್ದನು.

ಈ ಶಬ್ದಗಳು ಇಂಗ್ಲಿಷಿನಲ್ಲಿಯೂ ಸುಲಭವಾಗಿ ನೆಲೆಗೊಂಡವುಗಳಲ್ಲ. ಕಾನ್ಷೆನ್ಸ್ ಎಂಬುದು ಫ್ರೆಂಚಿನ ಮೂಲಕ ಹದಿಮೂರನೆಯ ಶತಮಾನದಲ್ಲಿಯೇ ಬಂದು ಧರ್ಮೋಪದೇಶಕರ ಬಾಯಲ್ಲಿ ಪಳಗಿದ್ದಿತು. ಕಾನ್ಷಿಯಸ್ ಎಂಬುದಾದರೋ ಬಹಳ ಹಿಂದುಳಿದು ಬಂದುದು. 1601ರಲ್ಲಿ ಬೆನ್ ಜಾನ್ಸನ್ ತನ್ನ ‘ಪೊಯಟಾಸ್ಟರ್’ ನಾಟಕದಲ್ಲಿ ಕವಿಬ್ರುವನೊಬ್ಬನಿಗೆ ವಮನೌಷಧವನ್ನು ಕುಡಿಸಿ, ಅವನು ಕಕ್ಕುವ ವಿಕಟ ಶಬ್ದಗಳ ಸಾಲಿನಲ್ಲಿ ಇದನ್ನೂ ಸೇರಿಸಿದನು. ಅಂದು ಪರಿಹಾಸಕ್ಕೆ ಪಾತ್ರವಾದ ಶಬ್ದವು ಅದೇ ಶತಮಾನದ ಅಂತ್ಯದೊಳಗೆ, 1690ರಲ್ಲಿ ಪ್ರಕಟವಾದ ಜಾನ್ ಲಾಕನ ಮಹಾಪ್ರಬಂಧದಿಂದಾಗಿ, ತತ್ತ್ವಶಾಸ್ತ್ರದ ಕೇಂದ್ರಶಬ್ದವಾಯಿತು. ಆ ಗ್ರಂಥವನ್ನು ಫ್ರೆಂಚಿಗೆ ತಂದ ಪಿಯರ್ ಕೋಸ್ತನಿಗೆ, ತನ್ನ ಭಾಷೆಯಲ್ಲಿ ಪ್ರಜ್ಞೆಗೂ ಮನಸ್ಸಾಕ್ಷಿಗೂ ಒಂದೇ ಶಬ್ದವಿದ್ದುದರಿಂದ, ದಿಕ್ಕು ತೋಚದೆ ಆ ಶಬ್ದವನ್ನು ನಡುವೆ ಒಡೆದು ಅಡ್ಡಗೆರೆಯಿಟ್ಟು ಬರೆದು, ಹೊಸ ಅರ್ಥವನ್ನು ಸೂಚಿಸಬೇಕಾಯಿತು. ಲ್ಯಾಟಿನಿನಲ್ಲಿ ಮೂಲಶಬ್ದದ ಅರ್ಥವು ಇನ್ನೊಬ್ಬನೊಡನೆ ಕೂಡಿ ಒಂದು ವಿಷಯವನ್ನು ಬಲ್ಲವನು ಎಂದು. ರಹಸ್ಯದಲ್ಲಿ ಪಾಲುಗಾರನಾದವನೂ ಅಪರಾಧವನ್ನು ಕಂಡುಬಲ್ಲವನೂ ಆ ಶಬ್ದಕ್ಕೆ ಒಳಪಡುತ್ತಿದ್ದರು. ಆ ಇನ್ನೊಬ್ಬನು ಕ್ರಮೇಣ ಹೊರಗಿನಿಂದ ಒಳಕ್ಕೆ ಸರಿದು ತನ್ನೊಳಗೇ ಇರುವ ಸಾಕ್ಷಿಯಾದನು. ಇದನ್ನು ನೋಡಿದರೆ ಕನ್ನಡದ ‘ಮನಸ್ಸಾಕ್ಷಿ’ ಎಂಬುದು ಎಷ್ಟು ಸಮರ್ಪಕವಾದ ಶಬ್ದವೆಂಬುದು ವೇದ್ಯವಾಗುವುದು. ಕನ್ನಡ ಬೈಬಲ್ಲೂ ಇದನ್ನೇ ಸ್ವೀಕರಿಸಿದೆ.

ಕನ್ನಡವನ್ನು ಇಂಗ್ಲಿಷಿನವರು ಕಲಿತ ಬಗೆಯಲ್ಲಿಯೂ ಈ ಸೀಮೆಯ ಪಾತ್ರವಿರುವುದನ್ನು ಇಲ್ಲಿ ಹೇಳಬೇಕು. ಜೈಮಿನಿ ಭಾರತದ ಕವಿ ಲಕ್ಷ್ಮೀಶನು ತನ್ನ ಊರೆಂದು ಹೇಳಿಕೊಂಡಿರುವ ದೇವಪುರವು ಕಡೂರು ತಾಲ್ಲೂಕಿನ ದೇವನೂರೆಂಬುದು ವಿದ್ವಾಂಸರ ಅಭಿಪ್ರಾಯ. ವೆಸ್ಲಿಯನ್ ಪಾದ್ರಿ ಡೇನಿಯಲ್ ಸ್ಯಾಂಡರ್‌ಸನ್ನರು ಆ ಕಾವ್ಯವನ್ನು ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಅವರೇ 1858ರಲ್ಲಿ ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟ್ಟೆಲರ ಮಹಾನಿಘಂಟಿಗೂ ಜೈಮಿನಿಯು ಒಂದು ಆಕರ. ತುಂಬುಗರ್ಭಿಣಿಯಾದ ಸೀತೆಯನ್ನು ಅಣ್ಣನ ಆಜ್ಞೆಯಂತೆ ಕಾಡಿನಲ್ಲಿ ಬಿಟ್ಟುಬರಬೇಕಾದ ಲಕ್ಷ್ಮಣನ ಸಂಕಟ, ಅವನು ಹೇಳಿದ ಮಾತಿಗೆ ಮೂರ್ಛೆಹೋಗುವ ಸೀತೆ, ಎಚ್ಚತ್ತ ಮೇಲೆ ಅವಳ ಪ್ರಲಾಪ: ಆ ಪ್ರಸಂಗದಲ್ಲಿ ಎಚ್ಚರದ ಶಬ್ದಗಳೂ ಅಂತಃಸಾಕ್ಷಿಯ ವೇದನೆಯೂ ಒಂದೇ ಹಂದರದಲ್ಲಿ ಹೆಣೆದುಕೊಂಡಿವೆ. ಗಮಕಿಗಳು ಅದನ್ನು ಓದುವಾಗ ನಿರಕ್ಷರಿಗಳಾದ ಹೆಂಗಸರು ಕಣ್ಣೊರಸಿಕೊಂಡರು. ಪಾದ್ರಿಗಳು ಅದನ್ನೇ ಓದಿ ಶಬ್ದಗಳನ್ನು ಕಲಿತರು. ದೇವನೂರಿನ ಕವಿಯು ಹೀಗೆ ಕೋಶಕಾರರ ಉಪಾಧ್ಯಾಯನೂ ಆದನು.

‘ಪ್ರಜ್ಞೆ’ ಎಂಬ ಶಬ್ದದ ವಿಷಯದಲ್ಲಿ ಕೊಂಚ ನಿಲ್ಲಬೇಕು. ಕೂಲಿಮಠದ ಹುಡುಗನು ಅಮರಕೋಶದಲ್ಲಿ ಬುದ್ಧಿ, ಧೀ, ಮತಿಗಳ ಪರ್ಯಾಯವಾಗಿ ಅದನ್ನು ಕಲಿತಿದ್ದನು. ಎಂದರೆ ಅದು ವಿವೇಕಶಕ್ತಿಯ ಹೆಸರು. ಮಾಂಡೂಕ್ಯೋಪನಿಷತ್ತಿನಲ್ಲಿ ‘ಪ್ರಾಜ್ಞ’ನೆಂಬ ಹೆಸರು ಸುಷುಪ್ತಿಯಲ್ಲಿರುವ ಆತ್ಮನಿಗೆ ಸಲ್ಲುತ್ತದೆ, ಜಾಗರದ ಆತ್ಮನಿಗೆ ಅಲ್ಲಿ ವೈಶ್ವಾನರನೆಂಬ ಬೇರೆ ಹೆಸರು. ಗಾಢನಿದ್ರೆಗೆ ಸಂಬಂಧಪಟ್ಟ ಶಬ್ದದ ಬಂಧುವೊಂದು ಇಂದ್ರಿಯಗಳ ಎಚ್ಚರಕ್ಕೆ ಹೆಸರಾಗಿ, ‘ಪ್ರಜ್ಞೆ ತಪ್ಪಿ ಬಿದ್ದನು’ ಎಂಬ ವೃತ್ತಪತ್ರಿಕೆಯ ಮಾತಿನಲ್ಲಿ ಬಂದು ನಿಂತುದು ಆಧುನಿಕ ಭಾಷಾಂತರದ ಪ್ರಭಾವವೆಂದು ತೋರುತ್ತದೆ. ಹಳ್ಳಿಯವರು ಇಂದಿಗೂ ‘ಜ್ಞಾನ ತಪ್ಪಿತು’, ‘ಎಚ್ಚರ ತಪ್ಪಿತು’ ಎನ್ನುವರು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಪ್ರಕಟಿಸಿದ ಮೇಲೆ ಶಬ್ದಗಳಿಗೆ ಒಂದು ಪ್ರಮಾಣವು ಒದಗಿತಾದರೂ, ಪ್ರಜ್ಞೆಯು ಅಲ್ಲಿಗೂ ನಿಲ್ಲದೆ ‘ಪಾಪಪ್ರಜ್ಞೆ’, ‘ಸಮಯಪ್ರಜ್ಞೆ’, ‘ಕರ್ತವ್ಯಪ್ರಜ್ಞೆ’ ಎಂದು ಕೈಚಾಚಿ, ಮನಸ್ಸಾಕ್ಷಿಯ ರಾಜ್ಯದ ಅರ್ಧವನ್ನು ಆಕ್ರಮಿಸಿತು. ಪಾಪಪ್ರಜ್ಞೆ ಎಂಬುದನ್ನು ನಾನು ಒಪ್ಪಲಾರೆ. ಮಾಡಿದ ತಪ್ಪು ಮನಸ್ಸನ್ನು ಕುಕ್ಕುವುದು ಒಂದು ತಿಳಿವಳಿಕೆಯಷ್ಟೇ ಆಗಿದ್ದರೆ ಅದು ಯಾರನ್ನೂ ನಿದ್ರೆಗೆಡಿಸುತ್ತಿರಲಿಲ್ಲ. ‘ಮನಸ್ಸು ಕುಕ್ಕುತ್ತದೆ’ ಎಂಬ ನಮ್ಮ ತಾಯಂದಿರ ಮಾತಿನಲ್ಲಿರುವ ನೋವು ಈ ಸಮಾಸದಲ್ಲಿಲ್ಲ.

‘ಅರಿವು’ ಮಾತ್ರ ತನ್ನ ಮರ್ಯಾದೆಯನ್ನು ಕಳೆದುಕೊಳ್ಳದೆ ಉಳಿದಿದೆ. ಬಸವಣ್ಣನವರ ಅಕ್ಕ ನಾಗಲಾಂಬಿಕೆಯು ಕಲ್ಯಾಣದ ಕ್ರಾಂತಿಯ ತರುವಾಯ ಇತ್ತ ಬಂದು ತರೀಕೆರೆಯ ಬಳಿಯ ಎಣ್ಣೆಹೊಳೆಯ ದಡದಲ್ಲಿ ಐಕ್ಯಳಾದಳೆಂಬುದು ಈ ಸೀಮೆಯ ನಂಬಿಕೆ. ಶರಣರು ಆ ಶಬ್ದಕ್ಕೆ ಕೊಟ್ಟ ಘನತೆಯು ಅವಳ ಗದ್ದುಗೆಯ ದರ್ಶನಕ್ಕೆ ಬರುವವರ ಮಾತಿನಲ್ಲಿ ಇನ್ನೂ ಜೀವಂತವಾಗಿದೆ. ತಾಲ್ಲೂಕು ಕೇಂದ್ರಗಳಲ್ಲಿ ನ್ಯಾಯಾಧೀಶರೂ ವಕೀಲರೂ ಕೂಡಿ ನಡೆಸುವ ಸಭೆಗಳಿಗೆ ‘ಕಾನೂನು ಅರಿವು’ ಎಂದು ಹೆಸರಿಟ್ಟವರ ವಿವೇಕವು ಶ್ಲಾಘನೀಯ. ಇತರ ಇಲಾಖೆಗಳು ಅದೇ ಸಂದರ್ಭದಲ್ಲಿ ‘ಜಾಗೃತಿ’ ಎನ್ನುತ್ತವೆ. ಶಿವರಾತ್ರಿಯ ಜಾಗರಣೆಯನ್ನು ಬಲ್ಲವರಿಗೆ ಅದು ನಿದ್ರೆಯನ್ನು ಬಿಡುವುದೆಂದು ತೋರುವುದೇ ಹೊರತು ತಿಳಿವಳಿಕೆಯನ್ನು ಪಡೆಯುವುದೆಂದು ತೋರದು. ನೋಟೀಸನ್ನು ಕಳುಹಿಸಿದ ಕೋರ್ಟೇ ಅರಿವನ್ನೂ ಕನ್ನಡದಲ್ಲಿ ಹೇಳತೊಡಗಿದೆಯೆಂಬುದು ಸಂತೋಷದ ಸಂಗತಿ.

ಕಡೆಗೆ ಈ ಸೀಮೆಯ ಎರಡು ಕೃತಿಗಳನ್ನು ಎದುರುಬದುರಾಗಿ ಇರಿಸಿ ನೋಡಬೇಕೆನಿಸುತ್ತದೆ. ಅಮೃತಾಪುರದ ಶಾಸನಕವಿ ಜನ್ನನು 1209ರಲ್ಲಿ ಪೂರೈಸಿದ ‘ಯಶೋಧರ ಚರಿತೆ’ಯಲ್ಲಿ, ಪತ್ನಿಯ ವ್ಯಭಿಚಾರವನ್ನು ಕಂಡು ನೊಂದ ಅರಸನು ಅದನ್ನು ದುಃಸ್ವಪ್ನವೆಂದು ಮರೆಮಾಚಲು, ತಾಯಿಯು ದೇವಿಗೆ ಬಲಿಕೊಡೆಂದು ಒತ್ತಾಯಿಸುವಳು, ಜೀವಹಿಂಸೆಗೆ ಒಪ್ಪದ ಅವನು ಹಿಟ್ಟಿನ ಕೋಳಿಯನ್ನು ಮಾಡಿಸಿ ಅದರ ಮೇಲೆ ಕತ್ತಿಯನ್ನು ಎತ್ತುವನು. ಹೊಡೆತಕ್ಕೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಪ್ರಾಣಿಯೊಂದೂ ಸಾಯಲಿಲ್ಲ, ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಬವಣೆಪಡುತ್ತಾರೆ. ಏಳು ಶತಮಾನಗಳು ಉರುಳಿದ ಮೇಲೆ, ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನ ಮುಂದಿರಿಸಿಕೊಂಡ ಅಜ್ಜಂಪುರ ಸೀತಾರಾಂ ಅವರು (1902–1963) ‘ಆನಂದ’ ಎಂಬ ಕಾವ್ಯನಾಮದಿಂದ ‘ನಾನು ಕೊಂದ ಹುಡುಗಿ’ ಎಂಬ ಕಥೆಯನ್ನು ಬರೆದರು. ಪ್ರವಾಸದಲ್ಲಿ ಹಳ್ಳಿಯೊಂದರ ಗೌರವಸ್ಥರ ಮನೆಯಲ್ಲಿ ತಂಗಿದ ವಿದ್ಯಾವಂತನ ಬಳಿಗೆ, ಹೆತ್ತವರ ಹರಕೆಯಿಂದ ಬಸವಿಯಾಗಿ ಬಿಡಲ್ಪಟ್ಟ ಆ ಮನೆಯ ಮಗಳು ತನ್ನ ಧರ್ಮವೆಂದು ನಂಬಿ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಅದು ಧರ್ಮವಲ್ಲ, ಪಾಪವೆಂದು ಕರುಣೆಯಿಂದ ತಿಳಿಯಹೇಳುತ್ತಾನೆ. ಅರಿತ ಹುಡುಗಿಯು ಪ್ರಾಣವನ್ನು ಕಳೆದುಕೊಳ್ಳುತ್ತಾಳೆ.

ಜನ್ನನ ಅರಸನಲ್ಲಿ ಕೊಲ್ಲುವ ಸಂಕಲ್ಪವಿದ್ದಿತು, ಕೊಲೆಯಿರಲಿಲ್ಲ. ಆನಂದರ ಕಥಾನಾಯಕನಲ್ಲಿ ಸಂಕಲ್ಪವು ಲೇಶವೂ ಇರಲಿಲ್ಲ, ಸಾವು ಮಾತ್ರ ಸಂಭವಿಸಿತು. ಜೈನಶಾಸ್ತ್ರದ ಲೆಕ್ಕದಲ್ಲಿ ಇವನು ನಿರ್ದೋಷಿ. ಕೋರ್ಟಿನ ಲೆಕ್ಕದಲ್ಲಿಯೂ ನಿರ್ದೋಷಿ. ಆದರೂ ಕಥೆಯ ಹೆಸರಿನಲ್ಲಿ ‘ಕೊಂದ’ ಎಂಬ ಶಬ್ದವಿದೆ, ಅದಕ್ಕೆ ಮುಂಚೆ ‘ನಾನು’ ಎಂಬ ಪ್ರಥಮಾ ವಿಭಕ್ತಿಯಿದೆ. ಈ ‘ನಾನು’ ಎಂಬುದನ್ನು ಹೇಳಿಸಿದ ಶಕ್ತಿಯೇ ಮನಸ್ಸಾಕ್ಷಿ. ಆ ರಾತ್ರಿ ಹುಡುಗಿಗೆ ಉಂಟಾದುದಾದರೋ ಅರಿವು. ಅದು ಅವಳಿಗೆ ಚತುರ್ಥಿಯಲ್ಲಿ ಬಂದಿತು, ಕೇಳದೆ ಬಂದಿತು, ಅದನ್ನು ಹೊತ್ತು ಬದುಕುವ ಬೇರೆ ದಾರಿಯೊಂದನ್ನೂ ಯಾರೂ ಜೊತೆಗೆ ಕೊಟ್ಟಿರಲಿಲ್ಲ. ಈ ಕಥೆಯನ್ನು ಇಂಗ್ಲಿಷಿಗೆ ತಿರುಗಿಸುವವನು ಹುಡುಗಿಯ ಪಾಲಿಗೆ ಅವೇರ್ ಎಂಬುದರ ಮನೆತನದ ಶಬ್ದವನ್ನೂ ನಿರೂಪಕನ ಪಾಲಿಗೆ ಕಾನ್ಷೆನ್ಸ್ ಎಂಬುದನ್ನೂ ಬಳಸಬೇಕು. ಕಾನ್ಷಿಯಸ್ ಎಂಬುದಕ್ಕೆ ಇಡೀ ಕಥೆಯಲ್ಲಿ ಎಲ್ಲಿಯೂ ಎಡೆಯಿಲ್ಲ.